ಮತ ಹಾಕದ ಮತ

ಹೈದರಾಬಾದಿನಲ್ಲಿ ಭಕ್ತಿ ಅಂದರೆ ಸದ್ದು. ಬೆಳಗಿನ ಜಾವದ ಅಜಾನ್, ಆಷಾಢದಲ್ಲಿ ಬೋನಾಲು ಹಬ್ಬದ ಡೋಲು, ಮೊಹರಂನಲ್ಲಿ ಬೀಬಿ ಕಾ ಆಲಂ ಮೆರವಣಿಗೆ, ಖೈರತಾಬಾದಿನ ಗಣಪತಿ ಹುಸೇನ್ ಸಾಗರಕ್ಕೆ ಹೊರಟ ದಿನದ ಗದ್ದಲ, ಡಿಸೆಂಬರಿನಲ್ಲಿ ಸಿಕಂದರಾಬಾದಿನ ಚರ್ಚುಗಳ ಗಂಟೆ. ಮೂವತ್ತು ವರ್ಷದಿಂದ ಇಲ್ಲೇ ಇರುವ ನನ್ನ ಕಿವಿಗೆ ಇದೆಲ್ಲ ಒಗ್ಗಿಹೋಗಿದೆ. ಅದಕ್ಕೇ ಇರಬೇಕು, ಸದ್ದೇ ಮಾಡದೆ ಪ್ರಾರ್ಥನೆ ಮಾಡುವ ಒಂದು ಪಂಥದ ಚರಿತ್ರೆ ಓದಲು ಶುರು ಮಾಡಿದವನಿಗೆ ಬಿಡಲು ಮನಸ್ಸಾಗಲಿಲ್ಲ. ಅವರೇ ಕ್ವೇಕರರು.

ಕ್ವೇಕರ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಓಟ್ಸ್ ಡಬ್ಬಿ! ಅಂದ ಹಾಗೆ, ಆ ಕಂಪನಿಗೂ ಈ ಪಂಥಕ್ಕೂ ಯಾವ ಸಂಬಂಧವೂ ಇಲ್ಲ. ಕ್ವೇಕರ್ ಅಂಗಡಿಯವನು ತೂಕದಲ್ಲಿ ಮೋಸ ಮಾಡುವುದಿಲ್ಲ ಎಂಬ ಹೆಸರಿತ್ತು. 1877ರಲ್ಲಿ ಅಮೆರಿಕದ ವ್ಯಾಪಾರಿಗಳು ಆ ಹೆಸರನ್ನು ತಮ್ಮ ಓಟ್ಸಿಗೆ ಟ್ರೇಡ್‌ಮಾರ್ಕ್ ಮಾಡಿಕೊಂಡರು, ಅಷ್ಟೇ.

ಪಂಥ ಹುಟ್ಟಿದ್ದು 17ನೇ ಶತಮಾನದ ಇಂಗ್ಲೆಂಡಿನಲ್ಲಿ. ಜಾರ್ಜ್ ಫಾಕ್ಸ್ (1624–1691) ಎಂಬ ನೇಕಾರನ ಮಗ ಊರೂರು ಅಲೆಯುತ್ತ ಹೇಳಿದ್ದು ಇಷ್ಟು: ದೇವರ ಬೆಳಕು ಪ್ರತಿಯೊಬ್ಬರ ಒಳಗೂ ಇದೆ, ನಡುವೆ ಪಾದ್ರಿ ಬೇಕಿಲ್ಲ. ಬೈಬಲ್ಲನ್ನು ಅವನು ತಳ್ಳಿಹಾಕಲಿಲ್ಲ. ಕ್ರಿಸ್ತ ಹೀಗಂದ, ಅವನ ಶಿಷ್ಯರು ಹೀಗಂದರು ಎಂದು ಒಪ್ಪಿಸುತ್ತೀರಲ್ಲ, ನಿಮ್ಮ ಸ್ವಂತ ಅನುಭವ ಏನು ಹೇಳುತ್ತದೆ ಎಂಬುದು ಅವನ ಪ್ರಶ್ನೆ. 1652ರಲ್ಲಿ ಈ ಪ್ರಶ್ನೆ ಕೇಳಿದ ಮಾರ್ಗರೆಟ್ ಫೆಲ್ ಎಂಬ ಗೃಹಿಣಿ ಚರ್ಚಿನಲ್ಲೇ ಕುಸಿದು ಕೂತು ಅತ್ತಳಂತೆ. ಮುಂದೆ ಆ ಪಂಥವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಅವಳೇ ಮುಖ್ಯಳು.

ಅವರ ಹಳೆಯ ಪದ್ಧತಿಯ ಸಭೆ ಹೀಗೆ: ಒಂದು ಸಾದಾ ಕೋಣೆ. ಶಿಲುಬೆ ಇಲ್ಲ, ಮೇಣದಬತ್ತಿ ಇಲ್ಲ, ವೇದಿಕೆ ಇಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು, ಗಂಡಸಾಗಲಿ ಹೆಂಗಸಾಗಲಿ, ಎದ್ದು ನಾಲ್ಕು ಮಾತಾಡಿ ಕೂರುತ್ತಾರೆ. ಅದು ಬೈಬಲ್ಲಿನ ಒಂದು ಸಾಲಿರಬಹುದು, ಮನೆಯ ಒಂದು ಸಂಗತಿಯಿರಬಹುದು. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ವಾದ ಮಾಡುವುದಿಲ್ಲ. ಕೇಳಿದ ಮಾತು ಒಳಗಿಳಿಯಲಿ ಎಂದು ಮತ್ತೆ ಮೌನ. ಯಾರೂ ಏಳದೆ ಇಡೀ ಒಂದು ಗಂಟೆ ಮೌನದಲ್ಲೇ ಮುಗಿಯುವುದೂ ಉಂಟು.

ಇದನ್ನು ಓದುವಾಗ ಕನ್ನಡದವರಿಗೆ ಕಲ್ಯಾಣ ನೆನಪಾಗದೆ ಇರುತ್ತದೆಯೇ? ಬಸವಕಲ್ಯಾಣ ಈ ಹೈದರಾಬಾದಿನಿಂದ ಅರ್ಧ ದಿನದ ದಾರಿ. 1956ರ ತನಕ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯದ್ದೇ. 12ನೇ ಶತಮಾನದ ಶರಣರೂ ಪೂಜಾರಿಯನ್ನು ಬದಿಗಿಟ್ಟರು, ಗುಡಿಗಿಂತ ದೇಹ ದೊಡ್ಡದು ಎಂದರು, ಹೆಂಗಸರು ಅನುಭವದ ಮಾತಾಡಿದರೆ ಕಿವಿಗೊಟ್ಟರು. ಅವರಿಗೂ ಇವರಿಗೂ ನಡುವೆ ಐನೂರು ವರ್ಷ, ಏಳು ಸಮುದ್ರ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟುವ ಪ್ರಶ್ನೆಯೇ ಇರಲಿಲ್ಲ.

ಒಂದು ತಮಾಷೆಯ ವ್ಯತ್ಯಾಸ ನೋಡಿ. ಆ ಕಾಲದ ಇಂಗ್ಲಿಷಿನಲ್ಲೂ ನಮ್ಮ ಹಾಗೆ 'ನೀನು', 'ನೀವು' ಇದ್ದವು. ಕ್ವೇಕರರು ಜಮೀನ್ದಾರನಿಗೂ ನ್ಯಾಯಾಧೀಶನಿಗೂ 'ನೀನು' ಎಂದೇ ಮಾತಾಡಿಸಿದರು, ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ. ಅದಕ್ಕೆ ಏಟು ತಿಂದರು, ಜೈಲಿಗೆ ಹೋದರು. ನಮ್ಮ ಶರಣರು ಹಿಡಿದದ್ದು ಇದರ ಉಲ್ಟಾ ದಾರಿ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ... ಎಲ್ಲರಿಗೂ 'ಅಯ್ಯ'. ಆಯ್ದಕ್ಕಿ ಆರಿಸುವ ಲಕ್ಕಮ್ಮನಿಗೂ 'ಅಮ್ಮ'. ಅಲ್ಲಿ ಮೇಲಿದ್ದವರ ಮರ್ಯಾದೆ ಕಿತ್ತು ಸಮ ಮಾಡಿದರು, ಇಲ್ಲಿ ಕೆಳಗಿದ್ದವರಿಗೆ ಮರ್ಯಾದೆ ಕೊಟ್ಟು ಸಮ ಮಾಡಿದರು.

ಇಬ್ಬರಿಗೂ ಆಳುವವರ ಏಟು ಬಿತ್ತು. ಕಲ್ಯಾಣದಿಂದ ಶರಣರು ಚದುರಿದರು. ಇಂಗ್ಲೆಂಡಿನಲ್ಲಿ 1662ರಲ್ಲಿ ಕ್ವೇಕರರ ವಿರುದ್ಧವೇ ಒಂದು ಕಾನೂನು ಬಂತು. 1682ರಲ್ಲಿ ಬ್ರಿಸ್ಟಲ್ ಊರಿನಲ್ಲಿ ದೊಡ್ಡವರನ್ನೆಲ್ಲ ಜೈಲಿಗೆ ಹಾಕಿದಾಗ ಮಕ್ಕಳೇ ಸೇರಿ ಸಭೆ ನಡೆಸಿಕೊಂಡು ಹೋದರು. ಪಾದ್ರಿಯೇ ಇಲ್ಲದ ಸಭೆ ತಾನೇ, ಯಾರನ್ನು ಹಿಡಿದರೆ ನಿಲ್ಲುತ್ತದೆ!

ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಇವರು ತಮ್ಮ ಸಭೆಯ ವ್ಯವಹಾರದಲ್ಲೂ ಮತ ಹಾಕುವುದಿಲ್ಲ. ದುಡ್ಡಿನ ಲೆಕ್ಕವಿರಲಿ, ಕಟ್ಟಡ ರಿಪೇರಿ ಇರಲಿ, ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ಮಾತು, ನಡುವೆ ಮೌನ, ಮತ್ತೆ ಮಾತು. ಅಧ್ಯಕ್ಷ ಅನ್ನುವವನಿಲ್ಲ, ಬರೆದುಕೊಳ್ಳುವ ಒಬ್ಬ 'ಕ್ಲರ್ಕ್' ಇರುತ್ತಾನೆ ಅಥವಾ ಇರುತ್ತಾಳೆ. ಸಭೆಯ ಮನಸ್ಸು ಎತ್ತ ವಾಲಿದೆ ಎಂದು ತನಗೆ ಕಂಡದ್ದನ್ನು ಅಲ್ಲೇ ಬರೆದು ಓದಿ ಹೇಳುವುದು ಆ ಕ್ಲರ್ಕಿನ ಕೆಲಸ. ಎಲ್ಲರೂ ಹೌದೆಂದರೆ ಅದೇ ನಿರ್ಣಯ. ಒಬ್ಬರಿಗೆ ಒಪ್ಪಿಗೆಯಿಲ್ಲದಿದ್ದರೆ ಅದನ್ನು ಹೇಳಿ ಪಕ್ಕಕ್ಕೆ ಸರಿದು ನಿಲ್ಲಬಹುದು. ಅದೂ ಆಗಲಿಲ್ಲವೇ, ವಿಷಯ ಮುಂದಿನ ಸಭೆಗೆ.

ಕೇಳಲು ಚೆನ್ನಾಗಿದೆ. ಆದರೆ ಇದಕ್ಕೆ ಬೆಲೆಯೂ ಇದೆ, ಸಣ್ಣ ಬೆಲೆಯಲ್ಲ. 1688ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ ನಾಲ್ವರು ಗುಲಾಮಗಿರಿ ತಪ್ಪು ಎಂದು ಬರೆದು ಸಹಿ ಹಾಕಿ ತಮ್ಮ ಸಭೆಯ ಮುಂದಿಟ್ಟರು. ಸಭೆ ಅದನ್ನು ಮೇಲಿನ ಸಭೆಗೆ ಕಳಿಸಿತು, ಅದು ಇನ್ನೂ ಮೇಲಿನದಕ್ಕೆ ಕಳಿಸಿತು, ಅಲ್ಲಿ ಬದಿಗಿಟ್ಟರು. ಗುಲಾಮರನ್ನು ಇಟ್ಟುಕೊಂಡ ಶ್ರೀಮಂತ ಕ್ವೇಕರರು ಸಭೆಯಲ್ಲೇ ಕೂತಿದ್ದರಲ್ಲ! 1738ರಲ್ಲಿ ಬೆಂಜಮಿನ್ ಲೇ ಎಂಬ ಕುಳ್ಳ, ಗೂನು ಬೆನ್ನಿನ ಮನುಷ್ಯ ಪುಸ್ತಕದೊಳಗೆ ಕೆಂಪು ಹಣ್ಣಿನ ರಸ ಅಡಗಿಸಿ ತಂದು, ಸಭೆಯಲ್ಲಿ ಅದಕ್ಕೆ ಕತ್ತಿ ಚುಚ್ಚಿ, ಗುಲಾಮರನ್ನು ಇಟ್ಟುಕೊಂಡವರ ಮೇಲೆ ರಕ್ತದಂತೆ ಚಿಮ್ಮಿಸಿದ. ಅವನನ್ನೇ ಹೊರಹಾಕಿದರು. ಆಮೇಲೆ ಬಂದ ಜಾನ್ ವುಲ್‌ಮನ್ ಎಂಬ ದರ್ಜಿ ಗಲಾಟೆ ಮಾಡಲಿಲ್ಲ. ಮನೆಮನೆಗೆ ಹೋಗಿ ಮಾತಾಡಿದ. ಗುಲಾಮರು ತನಗೆ ಸೇವೆ ಮಾಡಿದರೆ ಅವರ ಕೈಗೆ ಕೂಲಿ ಕೊಟ್ಟ. ಕೊನೆಗೆ 1776ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ, ಗುಲಾಮರನ್ನು ಇಟ್ಟುಕೊಂಡವರಿಗೆ ನಮ್ಮಲ್ಲಿ ಜಾಗವಿಲ್ಲ ಎಂದಿತು.

ಲೆಕ್ಕ ಹಾಕಿ, 88 ವರ್ಷ. ಅಮೆರಿಕ ದೇಶ ಅಲ್ಲಿಗೆ ಮುಟ್ಟಿದ್ದು 1865ರಲ್ಲಿ, ಅದೂ ಯುದ್ಧ ಮಾಡಿ, ಲಕ್ಷಗಟ್ಟಲೆ ಹೆಣ ಬಿದ್ದ ಮೇಲೆ. ಆ ಲೆಕ್ಕದಲ್ಲಿ ಕ್ವೇಕರರು ಮುಂದೆ. ಆದರೆ ಆ 88 ವರ್ಷದ ತಾಳ್ಮೆಗೆ ಬೆವರು ಸುರಿಸಿದವರು ಸಭೆಯಲ್ಲಿ ಕೂತವರಲ್ಲ, ಹೊಲದಲ್ಲಿದ್ದ ಗುಲಾಮರು. ಒಮ್ಮತಕ್ಕೆ ಕಾಯುವಾಗ ಆ ಹೊತ್ತಿನ ಕಷ್ಟ ಯಾರ ತಲೆಯ ಮೇಲೆ ಎಂದು ಕೇಳದಿದ್ದರೆ ಮೌನ ಅನ್ಯಾಯದ ಪಕ್ಕದಲ್ಲಿ ಹೋಗಿ ಕೂತುಬಿಡುತ್ತದೆ.

ನಮ್ಮ ದೇಶಕ್ಕೆ ಬಂದಾಗಲೂ ಇದೇ ತೊಡಕು ಎದುರಾಯಿತು. 1866ರಲ್ಲಿ ರೇಚಲ್ ಮೆಟ್ಕಾಫ್ ಎಂಬ ಮಹಿಳೆ ಬನಾರಸಿಗೆ ಬಂದಳು. ಆಮೇಲೆ ನರ್ಮದೆಯ ದಡದ ಹೋಶಂಗಾಬಾದ್ ಇವರ ನೆಲೆಯಾಯಿತು. 1890ರ ದಶಕದ ಕೊನೆಯ ಬರಗಾಲಗಳಲ್ಲಿ ಅನಾಥ ಮಕ್ಕಳನ್ನು ಸಾಕಿದರು, ಪಕ್ಕದ ರಸೂಲಿಯಾದಲ್ಲಿ ಕಸುಬು ಕಲಿಸಿದರು. ಆದರೆ ಸಂಬಳ ಕೊಡುವ ಮಿಷನರಿಯೂ ಸಂಬಳ ತೆಗೆದುಕೊಳ್ಳುವ ಊರವನೂ ಒಂದೇ ಸಭೆಯಲ್ಲಿ ಸಮನಾಗಿ ಕೂತರೆ, ಆ ಊರವನು ಎದ್ದು 'ನನಗೆ ಒಪ್ಪಿಗೆಯಿಲ್ಲ' ಎಂದಾನೆಯೇ? ಮಧ್ಯಪ್ರದೇಶದಲ್ಲಿ ಇವತ್ತಿಗೂ ಅವರ ಸಣ್ಣ ಸಮುದಾಯಗಳಿವೆ. ಬುಂದೇಲಖಂಡದವರ ಮೂಲ ಅಮೆರಿಕದ ಒಹಾಯೋದ್ದು. ಅವರಲ್ಲಿ ಪಾಸ್ಟರ್ ಉಂಟು, ಹಾಡೂ ಉಂಟು. ಜಗತ್ತಿನಲ್ಲೂ ಮೌನದ ಸಭೆಯವರಿಗಿಂತ ಪಾಸ್ಟರ್ ಇಟ್ಟುಕೊಂಡ ಕ್ವೇಕರರೇ ಈಗ ಹೆಚ್ಚು.

ಇನ್ನು ನಮ್ಮ ಹೈದರಾಬಾದಿಗೆ ಬರೋಣ. ಪಂಥವಾಗಿ ಇಲ್ಲಿ ಇವರು ಬೇರೂರಲಿಲ್ಲ. ಈ ಸೀಮೆಯಲ್ಲಿ ಬೇರೂರಿದ್ದು ಮೆಥಡಿಸ್ಟರು. 1924ರಲ್ಲಿ ಪೂರ್ತಿಯಾದ ಮೆದಕಿನ ಆ ಎತ್ತರದ ಚರ್ಚು ಅವರು ಕಟ್ಟಿಸಿದ್ದು. ಕ್ವೇಕರರ ನಂಟು ಇಲ್ಲಿ ತಣ್ಣಗೆ ಎರಡು ಕಡೆ ಹಾದುಹೋಗಿದೆ.

ಒಂದು, ಮದುವೆಯ ನಂಟು. ಲಾರಿ ಬೇಕರ್ ಹೆಸರು ನೀವು ಕೇಳಿರುತ್ತೀರಿ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ, ಯುದ್ಧಕಾಲದಲ್ಲಿ ಕ್ವೇಕರರ ಆಂಬುಲೆನ್ಸ್ ತಂಡದ ಜೊತೆ ಚೀನಾದಲ್ಲಿ ದುಡಿದ ವಾಸ್ತುಶಿಲ್ಪಿ. ಊರಿಗೆ ಮರಳುವ ಹಡಗಿಗೆ ಕಾಯುತ್ತ ಮುಂಬಯಿಯಲ್ಲಿದ್ದಾಗ ಗಾಂಧೀಜಿಯ ಭೇಟಿಯಾಯಿತು. 1945ರಲ್ಲಿ ಕುಷ್ಠರೋಗಿಗಳ ಸಂಸ್ಥೆಯ ಕಟ್ಟಡ ಕೆಲಸಕ್ಕೆ ಅವರು ಭಾರತಕ್ಕೆ ಮತ್ತೆ ಬಂದರು. ಅದೇ ಸಂಸ್ಥೆಯಲ್ಲಿ ಹೈದರಾಬಾದಿನಲ್ಲಿ ವೈದ್ಯೆಯಾಗಿದ್ದವರು ಎಲಿಜಬೆತ್ ಜೇಕಬ್. ಅಣ್ಣನಿಗೆ ಆಪರೇಷನ್ ಮಾಡಲು ಫೈಜಾಬಾದಿಗೆ ಹೋದಾಗ ಅಲ್ಲಿದ್ದ ಬೇಕರರ ಪರಿಚಯವಾಯಿತು. ಎರಡೂ ಮನೆಯವರು ಒಪ್ಪಲಿಲ್ಲ. ಇವರು ಜಗಳವಾಡಲಿಲ್ಲ, ಓಡಿಹೋಗಲೂ ಇಲ್ಲ, ಕಾದರು. 1948ರಲ್ಲಿ ಮದುವೆಯಾದರು. ಮುಂದೆ ಪಿಥೋರಾಗಢದಲ್ಲಿ ಆಸ್ಪತ್ರೆ, ಆಮೇಲೆ ಕೇರಳ. ಗಿಲಾವು ಮಾಡದ ಇಟ್ಟಿಗೆ ಗೋಡೆ, ನಡುವೆ ಟೊಳ್ಳು ಬಿಟ್ಟು ಕಾಲು ಭಾಗದಷ್ಟು ಇಟ್ಟಿಗೆ ಉಳಿಸುವ ಕಟ್ಟಣೆ, ಅಕ್ಕಪಕ್ಕ ಸಿಗುವ ಸಾಮಾನು... ಅವರ ಮನೆಗಳನ್ನು ನೋಡಿದರೆ ನನಗೆ ಶಿಲುಬೆಯಿಲ್ಲದ ಆ ಸಾದಾ ಕೋಣೆಯೇ ನೆನಪಾಗುತ್ತದೆ.

ಎರಡು, ಭೂದಾನದ ನಂಟು. ಈಗ ಪೊಲೀಸ್ ಅಕಾಡೆಮಿಯಿಂದ ಹೆಸರಾದ ಶಿವರಾಂಪಲ್ಲಿಯಲ್ಲಿ 1951ರ ಏಪ್ರಿಲ್‌ನಲ್ಲಿ ಸರ್ವೋದಯ ಸಮ್ಮೇಳನ ನಡೆಯಿತು. ವಿನೋಬಾ ವಾರ್ಧಾ ಪಕ್ಕದ ಪವನಾರಿನಿಂದ ನಡೆದುಕೊಂಡೇ ಬಂದಿದ್ದರು. ಅಲ್ಲಿಂದ ತೆಲಂಗಾಣ ಸುತ್ತಲು ಹೊರಟು, ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ ದಲಿತ ಕುಟುಂಬಗಳು 80 ಎಕರೆ ಭೂಮಿ ಬೇಕೆಂದಾಗ ವೆದಿರೆ ರಾಮಚಂದ್ರ ರೆಡ್ಡಿ 100 ಎಕರೆ ಕೊಡುತ್ತೇನೆಂದರು. ಭೂದಾನ ಶುರುವಾದದ್ದು ಅಲ್ಲಿ. ಈ ಚಳವಳಿ ಕ್ವೇಕರರನ್ನು ಎಳೆದುಕೊಂಡಿತು. ರಸೂಲಿಯಾದಲ್ಲಿದ್ದ ಡೊನಾಲ್ಡ್ ಗ್ರೂಮ್ ವಿನೋಬಾ ಜೊತೆ ನಡೆದರು. ಹ್ಯಾಲಮ್ ಟೆನ್ನಿಸನ್ 1955ರಲ್ಲಿ ವಿನೋಬಾ ಬಗ್ಗೆ ಪುಸ್ತಕವನ್ನೇ ಬರೆದರು. ಸೇವಾಗ್ರಾಮದಲ್ಲಿ ಗಾಂಧೀಜಿಯ ನಯೀ ತಾಲೀಮ್ ಶಿಕ್ಷಣಕ್ಕೆ ದುಡಿದ ಮಾರ್ಜರಿ ಸೈಕ್ಸ್ ಕೂಡ ಇದೇ ಪಂಥದವರು. ಭೂದಾನ ಬೆಳೆದು ಗ್ರಾಮದಾನವಾದಾಗ ವಿನೋಬಾ ಹಿಡಿದ ಪಟ್ಟು ಏನು ಗೊತ್ತೇ? ಗ್ರಾಮಸಭೆಯ ನಿರ್ಣಯ ಬಹುಮತದಿಂದ ಬೇಡ, ಸರ್ವಾನುಮತದಿಂದ ಆಗಲಿ. ಊರು ಎರಡು ಪಾರ್ಟಿಯಾಗಿ ಒಡೆಯಬಾರದು ಎಂದು. ದಾನವಾದ ಜಮೀನಿನಲ್ಲಿ ಬಹಳಷ್ಟು ಹಂಚಿಕೆಯಾಗಲೇ ಇಲ್ಲ, ಬಂಜರೂ ಬಹಳ ಇತ್ತು ಎಂಬುದೂ ನಿಜ. ಮನಸ್ಸು ಒಪ್ಪಿದ ಮೇಲೂ ಕಾಗದದ ಕೆಲಸ ಮಾಡುವವರು ಬೇಕು.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನಾವೂ ಸಣ್ಣ ಸಮುದಾಯವೇ. ಹೊರನಾಡಿನಲ್ಲಿ ಸಂಘ ಕಟ್ಟಿಕೊಂಡು ರಾಜ್ಯೋತ್ಸವ, ನಾಟಕ, ಮಕ್ಕಳಿಗೆ ಕನ್ನಡ ಪಾಠ ಅಂತ ಒದ್ದಾಡುವವರು. ನಮ್ಮ ಸರ್ವಸದಸ್ಯರ ಸಭೆಗಳು ಹೇಗಿರುತ್ತವೆ ಅಂತ ನಿಮಗೆ ಹೇಳಬೇಕೇ! ಪ್ಯಾನೆಲ್, ಪ್ರಾಕ್ಸಿ, ಮೈಕಿಗೆ ಕಿತ್ತಾಟ. 51 ಮತ ಗೆಲ್ಲುತ್ತದೆ, 49 ಸೋಲುತ್ತದೆ. ಕೋಟಿ ಜನರ ರಾಜ್ಯದಲ್ಲಿ ಸೋತವರು ಮುಂದಿನ ಚುನಾವಣೆಗೆ ಕಾಯುತ್ತಾರೆ. ನೂರು ಜನರ ಸಂಘದಲ್ಲಿ ಆ 49 ಮಂದಿ ಮುಂದಿನ ರಾಜ್ಯೋತ್ಸವಕ್ಕೆ ಬರುವುದಿಲ್ಲ, ಬೇರೆ ಬೋರ್ಡು ಹಾಕುತ್ತಾರೆ. ಅವರ ಮಕ್ಕಳ ಕನ್ನಡ ಪಾಠ ಅಲ್ಲಿಗೆ ನಿಲ್ಲುತ್ತದೆ. ಸಣ್ಣ ಗುಂಪಿಗೆ ಗೆಲುವು ಸಾಲದು, ಸೋತವರೂ ಜೊತೆಗೇ ಉಳಿಯಬೇಕು. ಮುನ್ನೂರೈವತ್ತು ವರ್ಷ ಬಾಳಿದ ಕ್ವೇಕರರಿಗೆ ಇದು ಗೊತ್ತಿತ್ತು. ಅವರೂ ಕೆಲವೊಮ್ಮೆ ಒಡೆದರು, ಆದರೂ ಗೊತ್ತಿತ್ತು.

ಮತ ಹಾಕುವುದನ್ನೇ ಬಿಡಿ ಎಂದು ನಾನು ಹೇಳಲಾರೆ, ನಮ್ಮ ಬೈಲಾ ಬಿಡುವುದೂ ಇಲ್ಲ. ಚೀಟಿ ಹಂಚುವ ಮುಂಚೆ ಎರಡು ನಿಮಿಷ ಮೈಕ್ ಆಫ್ ಮಾಡಿ ಎಲ್ಲರೂ ಸುಮ್ಮನೆ ಕೂರಬಹುದು. ಆಮೇಲೆ, ಇದುವರೆಗೆ ಬಾಯಿಬಿಡದ ಹಿಂದಿನ ಸಾಲಿನವರನ್ನು ಮೊದಲು ಕೇಳಬಹುದು: ನೀವೇನು ಹೇಳುತ್ತೀರಿ?