ಸೋದರಿಕೆ ಸಂಬಂಧ ಮತ್ತು ದೊಡ್ಡಕರುಳಿನ ಕ್ಯಾನ್ಸರ್: ಕೊಪ್ಪಳ ಸೀಮೆಯ ವಂಶಾವಳಿಯನ್ನು ಓದುವ ಬಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಳೆಯ ರೂಢಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ ಮಹಿಳೆಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರದು ರಕ್ತಸಂಬಂಧದ ಮದುವೆ. ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರಿನ ಆನುವಂಶಿಕತೆಯನ್ನು ಈ ಸೀಮೆಯಲ್ಲಿ ಚರ್ಚಿಸುವವರು ಇದನ್ನು ಬದಿಗಿಡುವಂತಿಲ್ಲ. ವೈದ್ಯರು ಸಾಮಾನ್ಯವಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ರೋಗವನ್ನೇ ಹುಡುಕುತ್ತಾರೆ. ಒಡಹುಟ್ಟಿದವರಲ್ಲಿ ಮಾತ್ರ ಕಾಣಿಸಿಕೊಳ್ಳುವ ಬಗೆಗೂ ಇಲ್ಲಿ ಅಷ್ಟೇ ಗಮನ ಬೇಕೆಂಬುದು ಈ ಲೇಖನದ ವಾದ.

ಇಳಿಯುವ ಬಗೆ ಚೆನ್ನಾಗಿ ತಿಳಿದದ್ದು. 1913ರಲ್ಲಿ ಆಲ್ಡ್ರೆಡ್ ವಾರ್ಥಿನ್ ಅಮೆರಿಕದ ಒಂದು ಮನೆತನದಲ್ಲಿ ಗುರುತಿಸಿ, 1966ರಲ್ಲಿ ಹೆನ್ರಿ ಲಿಂಚ್ ವಿಸ್ತರಿಸಿದ ಲಿಂಚ್ ಸಿಂಡ್ರೋಮ್‌ನಲ್ಲಿ ಡಿಎನ್‌ಎ ತಪ್ಪು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಜೀನುಗಳಲ್ಲೊಂದು ಕೆಟ್ಟಿರುತ್ತದೆ. ಕರುಳಿನ ತುಂಬ ನೂರಾರು ಪಾಲಿಪ್‌ (ಸಣ್ಣ ಗಂಟು) ಏಳುವ ಎಫ್‌ಎಪಿ ಎಂಬ ರೋಗಕ್ಕೆ ಎಪಿಸಿ ಜೀನ್ ಕಾರಣ. ಎರಡರಲ್ಲೂ ತಂದೆ ಅಥವಾ ತಾಯಿಯಿಂದ ಬಂದ ಒಂದೇ ದೋಷ ಸಾಕು. ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಸೋದರಿಕೆ ಸಂಬಂಧ ಈ ಅರ್ಧವನ್ನು ಹೆಚ್ಚಿಸುವುದಿಲ್ಲ.

2002ರಲ್ಲಿ ಕಾರ್ಡಿಫ್‌ನ ಸಂಶೋಧಕರು ಬೇರೊಂದು ಬಗೆಯನ್ನು ತೋರಿಸಿದರು. ಬ್ರಿಟನ್ನಿನ ಒಂದು ಕುಟುಂಬದ ಮೂವರು ಒಡಹುಟ್ಟಿದವರಿಗೆ ಪಾಲಿಪ್‌ ಮತ್ತು ಕ್ಯಾನ್ಸರ್ ಇದ್ದವು, ಆದರೆ ಹುಟ್ಟಿನಿಂದ ಬಂದ ಎಪಿಸಿ ದೋಷ ಇರಲಿಲ್ಲ. ಅವರಲ್ಲಿ ಎಂಯುಟಿವೈಎಚ್ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದವು. ಉತ್ಕರ್ಷಣದಿಂದ ಹಾನಿಗೊಂಡ ಗ್ವಾನಿನ್ ಎದುರು ತಪ್ಪಾಗಿ ಕೂತ ಅಡೆನಿನ್ ಅನ್ನು ಕಿತ್ತುಹಾಕುವುದು ಈ ಜೀನಿನ ಕೆಲಸ. ಅದು ನಿಂತರೆ ಕರುಳಿನ ಜೀವಕೋಶಗಳಲ್ಲಿ ಎಪಿಸಿಯೂ ಕೆಡುತ್ತದೆ. ತಂದೆತಾಯಿ ಒಂದೊಂದು ದೋಷದ ವಾಹಕರಷ್ಟೇ ಆಗಿದ್ದು, ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ‘ನಿಮ್ಮ ಅಪ್ಪಗ ಈ ರೋಗ ಇತ್ತೇನು?’ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ, ಅದು ನಿಜವೂ ಹೌದು.

ಲೆಕ್ಕ ನೋಡೋಣ. ಐವತ್ತು ಜನರಲ್ಲಿ ಒಬ್ಬರು ವಾಹಕರೆಂದು ಊಹಿಸಿದರೆ, ಸಂಬಂಧವಿಲ್ಲದ ದಂಪತಿಯ ಮಕ್ಕಳಲ್ಲಿ ಎರಡೂ ಪ್ರತಿ ಕೆಟ್ಟಿರುವವರು 10,000ಕ್ಕೆ ಒಬ್ಬರು. ಸೋದರತ್ತೆ ಅಥವಾ ಸೋದರಮಾವನ ಮಕ್ಕಳ ನಡುವೆ ಮದುವೆಯಾದಾಗ ಅಂತರ್ಜನನದ ಗುಣಾಂಕ, ಅಂದರೆ ಮಗುವಿನ ಎರಡೂ ಪ್ರತಿಗಳು ಒಂದೇ ಪೂರ್ವಜರ ಪ್ರತಿಯಿಂದ ಬಂದಿರುವ ಸಾಧ್ಯತೆ, 1/16. ಆಗ ಸುಮಾರು ಏಳು. ಮಾವ–ಸೊಸೆಯರ, ಅಂದರೆ ಅಕ್ಕನ ಮಗಳ ಮದುವೆಯಲ್ಲಿ ಗುಣಾಂಕ 1/8. ಆಗ ಸುಮಾರು ಹದಿಮೂರು. ಒಟ್ಟು ಸಂಖ್ಯೆ ಆಗಲೂ ಚಿಕ್ಕದೇ. ಇದನ್ನು ಹಿಡಿದು ಮದುವೆಗಳನ್ನು ದೂಷಿಸುವುದು ಅತಿಯಾದೀತು.

ಬೆಡಗು ನೋಡಿ ಮದುವೆ ಮಾಡುವ ಸಮುದಾಯಗಳಲ್ಲಿ ಬೇರೆ ಬೆಡಗಿನವರು ರಕ್ತಸಂಬಂಧಿಗಳಲ್ಲ ಎಂಬ ತಪ್ಪು ನಂಬಿಕೆಗೆ ಆಸ್ಪದವಿದೆ. ಚಿಕ್ಕಪ್ಪನ ಮಗಳು ತಂಗಿಯಾಗುತ್ತಾಳೆ, ಸೋದರತ್ತೆಯ ಮಗಳು ಬೇರೆ ಬೆಡಗಿನವಳಾದ್ದರಿಂದ ಹೆಂಡತಿಯಾಗಬಹುದು. ಜೀನಿನ ಲೆಕ್ಕದಲ್ಲಿ ಇಬ್ಬರೂ ಅಷ್ಟೇ ಹತ್ತಿರ. ಬೆಡಗು ಗಂಡಿನ ಬಳ್ಳಿಯನ್ನು ಹಿಡಿದು ಸಾಗುತ್ತದೆ, ಜೀನುಗಳು ತಾಯಿಯ ಕಡೆಯಿಂದಲೂ ಬರುತ್ತವೆ. ಉತ್ತರ ಕರ್ನಾಟಕದ ಮನೆತನಗಳ ವಂಶ ಹೇಳುವ ಹೆಳವರ ಪರಂಪರೆಯೂ ಮುಖ್ಯವಾಗಿ ಗಂಡುಸಂತತಿಯದು. ಅದು ಸಂಶೋಧಕರಿಗೆ ದೊಡ್ಡ ಆಸ್ತಿಯೇ, ಆದರೆ ಕೊಟ್ಟ ಹೆಣ್ಣುಮಕ್ಕಳ ಸಂತತಿಯನ್ನು ಮನೆಯ ಹಿರಿಯ ಹೆಂಗಸರನ್ನು ಕೇಳಿಯೇ ತುಂಬಿಕೊಳ್ಳಬೇಕು.

ಪರೀಕ್ಷೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಯುರೋಪಿನ ರೋಗಿಗಳಲ್ಲಿ ಎಂಯುಟಿವೈಎಚ್‌ನ ಎರಡು ರೂಪಾಂತರಗಳೇ ಹೆಚ್ಚು. ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯ ಮತ್ತು ಪಾಕಿಸ್ತಾನಿ ಮೂಲದ ಕುಟುಂಬಗಳಲ್ಲಿ ಕಂಡವು ಬೇರೆಯವು. ಯುರೋಪಿನ ಆ ಎರಡನ್ನಷ್ಟೇ ನೋಡುವ ಅಗ್ಗದ ಪರೀಕ್ಷೆಯಲ್ಲಿ ನಮ್ಮವರ ದೋಷ ತಪ್ಪಿಹೋಗಬಹುದು. ಇಡೀ ಜೀನನ್ನು ಓದಿಸಬೇಕು.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಔಷಧಿ ತಿಂದು ತಿಂಗಳುಗಟ್ಟಲೆ ಕಳೆಯುವವರು ಇಲ್ಲಿ ಬಹಳ. ಐವತ್ತರೊಳಗಿನ ಅಂಥ ರೋಗಿಗೆ ಕೊಲೊನೋಸ್ಕೋಪಿ ಆಗಬೇಕು. ಕ್ಯಾನ್ಸರ್ ಅಥವಾ ಹತ್ತಕ್ಕಿಂತ ಹೆಚ್ಚು ಪಾಲಿಪ್ ಸಿಕ್ಕರೆ, ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಕಳಿಸುವ ಮುನ್ನ ಮೂರು ತಲೆಮಾರಿನ ವಂಶಾವಳಿ ಬರೆದಿಡಬೇಕು. ತಂದೆತಾಯಿ ಪರಸ್ಪರ ಏನಾಗಬೇಕು, ಅಣ್ಣತಮ್ಮ ಅಕ್ಕತಂಗಿಯರ ಹೊಟ್ಟೆಯ ತೊಂದರೆಗಳೇನು ಎಂಬ ಎರಡು ಪ್ರಶ್ನೆಗಳನ್ನು ಕೊಪ್ಪಳದ ವೈದ್ಯಕೀಯ ಕಾಲೇಜೂ ತಾಲ್ಲೂಕು ಆಸ್ಪತ್ರೆಗಳೂ ಕೇಸ್ ಶೀಟಿಗೆ ಸೇರಿಸಿಕೊಳ್ಳಬೇಕು.