ಕಾಗಿಣಾ ಸೀಮೆಯ ಹಿತ್ತಲು ಹೊಲದಲ್ಲಿತ್ತು

ಕೈತೋಟ ಎಂದಕೂಡಲೆ ನಮಗೆ ನೆನಪಾಗುವುದು ಮನೆಯ ಹಿಂದಿನ ಜಾಗ. ಒಂದು ಬಾವಿ, ನಾಲ್ಕು ಬಾಳೆ, ಬಸಳೆ ಚಪ್ಪರ, ಮಲ್ಲಿಗೆ ಬಳ್ಳಿ. ಮಲೆನಾಡು, ಕರಾವಳಿಯ ಮಟ್ಟಿಗೆ ಅದು ಸರಿಯಾದ ಚಿತ್ರ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹಳ್ಳಿಗಳಿಗೆ ಹೋದವರಿಗೆ ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಕಲ್ಲಿನ ಮನೆಗಳು, ಪರ್ಸಿ ಹಾಸಿದ ಅಂಗಳ, ತುಳಸಿ ಕಟ್ಟೆ, ಬಚ್ಚಲ ಮೋರಿಯ ಪಕ್ಕ ಹೆಚ್ಚೆಂದರೆ ಒಂದು ಕರಿಬೇವು ಅಥವಾ ನುಗ್ಗೆ ಕಾಣುತ್ತವೆ. ಈ ಭಾಗದವರಿಗೆ ಸೊಪ್ಪು, ತರಕಾರಿ, ಹೂವು ಬೆಳೆದುಕೊಳ್ಳುವ ರೂಢಿಯೇ ಇಲ್ಲ ಎಂಬ ಅಭಿಪ್ರಾಯ ಹುಟ್ಟುವುದು ಹೀಗೆ. ಈ ಅಭಿಪ್ರಾಯ ತಪ್ಪು ಎನ್ನುವುದೇ ನನ್ನ ವಾದ. ಇಲ್ಲಿನ ಮನೆವಾರ್ತೆಯ ತೋಟ ಊರ ಹೊರಗಿತ್ತು. ಜೋಳ, ತೊಗರಿ, ಕಡಲೆಯ ಸಾಲುಗಳ ನಡುವೆ, ಹೊಲದ ಅಂಚಿನಲ್ಲಿ ಅದು ಬೆಳೆಯುತ್ತಿತ್ತು. ಅದಕ್ಕೆ ಬೇಲಿ ಇರಲಿಲ್ಲವಾದ್ದರಿಂದ ಅದನ್ನು ತೋಟವೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹೀಗಾಗಲು ಮೊದಲ ಕಾರಣ ನೆಲವೇ. ಭೀಮಾ ಮತ್ತು ಅದರ ಉಪನದಿ ಕಾಗಿಣಾದ ಈ ಪ್ರದೇಶದ ಬಹುಪಾಲು ಕೆಳಗೆ ಪದರ ಪದರವಾದ ಸುಣ್ಣದ ಕಲ್ಲು ಹಾಸಿಕೊಂಡಿದೆ. ಶಹಾಬಾದಿ ಕಲ್ಲೆಂದು ದೇಶದ ಅಂಗಳಗಳನ್ನೆಲ್ಲ ಮುಚ್ಚಿದ್ದು ಇದೇ. ಊರುಗಳ ಬುಡದಲ್ಲೇ ಕಲ್ಲು ಇರುವುದರಿಂದ ಮನೆ ಕಟ್ಟುವುದು ಸುಲಭ, ಗುಂಡಿ ತೋಡಿ ಗಿಡ ನೆಡುವುದು ಕಷ್ಟ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ದೂರದಿಂದ ಹೊತ್ತು ತಂದ ಕೊಡದ ನೀರನ್ನು ಬಳ್ಳಿಗೆ ಸುರಿಯುವ ಸಂಸಾರ ಯಾವುದು? ಆದರೆ ಊರು ದಾಟಿದರೆ ಎರೆಮಣ್ಣು ಸಿಗುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಅದು ಚಳಿಗಾಲ ಮುಗಿಯುವವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ನೀರನ್ನು ಗಿಡದ ಬಳಿಗೆ ಒಯ್ಯುವ ಬದಲು ತೇವವಿದ್ದ ಕಡೆಗೆ ಬೀಜ ಒಯ್ದದ್ದು ಇಲ್ಲಿನ ಹೆಂಗಸರ ಜಾಣ್ಮೆ. ಚಿಂಚೋಳಿಯ ಗುಡ್ಡಗಳ ಕೆಂಪು ಮಣ್ಣಿನಲ್ಲಿ ಲೆಕ್ಕ ಸ್ವಲ್ಪ ಬೇರೆಯಾದರೂ ಉಳಿದ ಸೀಮೆಗೆ ಈ ಮಾತು ಒಪ್ಪುತ್ತದೆ.

ಈ ತೋಟ ಹೇಗೆ ನಡೆಯುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು. ಮಿರಗದ (ಮೃಗಶಿರಾ) ಮಳೆ ಬಿದ್ದು ಕೂರಿಗೆ ಹೂಡಿದಾಗ ಗಂಡಸು ಎತ್ತು ಹೊಡೆಯುತ್ತಿದ್ದ. ಹಿಂದೆ ಹಗ್ಗಕ್ಕೆ ಕಟ್ಟಿದ ಒಂಟಿ ಬಿದಿರ ಕೊಳವೆಯನ್ನು ಹಿಡಿದು ಹೆಂಗಸು ನಡೆಯುತ್ತಿದ್ದಳು. ಅವಳ ಉಡಿಯಲ್ಲಿದ್ದದ್ದು ಅಕ್ಕಡಿ ಬೀಜ, ಅಂದರೆ ಮುಖ್ಯ ಬೆಳೆಯ ಸಾಲುಗಳ ನಡುವೆ ಬಿಡುವ ಬೀಜ: ಹೆಸರು, ಅಲಸಂದಿ, ಪುಂಡಿ, ಎಳ್ಳು, ಬೆಂಡೆ, ಸೌತೆ. ಎಷ್ಟು ಸಾಲಿಗೊಮ್ಮೆ ಯಾವುದನ್ನು ಬಿಡಬೇಕೆಂಬುದು ಅವಳ ತೀರ್ಮಾನ. ತಿಂಗಳೊಪ್ಪತ್ತಿನಲ್ಲಿ ಪುಂಡಿಯ ಎಳೆ ಎಲೆ ಅಡುಗೆಗೆ ಬರುತ್ತಿತ್ತು; ಜೋಳದ ನುಚ್ಚು ಹಾಕಿ ಬೇಯಿಸಿದ ಆ ಹುಳಿ ಪಲ್ಯ ಇಂದಿಗೂ ರೊಟ್ಟಿಯ ಜೊತೆಗಾರ. ಗಿಡ ಬಲಿತು ನಡುವೆ ಕೆನ್ನೀಲಿ ಕಣ್ಣಿರುವ ತಿಳಿಹಳದಿ ಹೂ ಬಿಟ್ಟ ಮೇಲೆ ಕಾಂಡವನ್ನು ಕೊಯ್ದು ನೀರಲ್ಲಿ ಕೊಳೆಹಾಕಿ ನಾರು ತೆಗೆಯುತ್ತಿದ್ದರು. ಎತ್ತಿನ ಹಗ್ಗವೂ ಅದೇ ಗಿಡದ್ದು. ಹಿಂಗಾರಿಯಲ್ಲಿ ಪಾತ್ರಗಳು ಬದಲಾಗುತ್ತಿದ್ದವು. ಬಿಳಿಜೋಳದ ಸುತ್ತ ಕುಸುಬೆ ಬಿತ್ತಿದರೆ ಅದರ ಎಳೆ ಎಲೆ ಪಲ್ಯಕ್ಕೆ, ಬಲಿತ ಮುಳ್ಳು ದನ ತಡೆಯುವುದಕ್ಕೆ, ಬೀಜ ಎಣ್ಣೆಗೆ, ಕಿತ್ತಳೆ ಬಣ್ಣದ ಹೂ ಕಣ್ಣಿಗೆ. ಕಡಲೆ ಗಿಡ ಗೇಣುದ್ದ ಬಂದಾಗ ಕುಡಿ ಚಿವುಟುವ ಕೆಲಸವಂತೂ ತೋಟಗಾರಿಕೆಯೇ. ಬೆಳಿಗ್ಗೆ ಎಲೆಯ ಮೇಲಿನ ಹುಳಿ ಬೆರಳಿಗೆ ಅಂಟುತ್ತದೆ; ಚಿವುಟಿದ ಕುಡಿ ಕಡ್ಲಿಪಲ್ಯವಾಗುತ್ತದೆ, ಚಿವುಟಿಸಿಕೊಂಡ ಗಿಡ ಕವಲೊಡೆದು ಹೆಚ್ಚು ಕಾಯಿ ಬಿಡುತ್ತದೆ. ಎಳ್ಳಮಾಸಿಯ ದಿನ ಹೊಲಕ್ಕೆ ಒಯ್ಯುವ ಭಜ್ಜಿಯಲ್ಲಿ ಆ ಹೊತ್ತಿಗೆ ಎಳೆಯದಾಗಿ ಸಿಗುವ ಕಾಳು, ಸೊಪ್ಪು, ಕಾಯಿಗಳೆಲ್ಲ ಬೀಳುತ್ತವೆ. ಆ ಒಂದು ಪಾತ್ರೆಯನ್ನು ನೋಡಿದರೆ ಹಿಂಗಾರಿ ತೋಟದಲ್ಲಿ ಏನೇನಿತ್ತೆಂದು ಓದಿಕೊಳ್ಳಬಹುದು. ಭೂಮಿತಾಯಿಗೆ ಚರಗ ಚೆಲ್ಲುವುದೂ ಅದನ್ನೇ.

ಇದಕ್ಕೆ ಬರುವ ಮೊದಲ ಆಕ್ಷೇಪ ಇತಿಹಾಸದ್ದು. ಈ ನಾಡು ರಾಷ್ಟ್ರಕೂಟರ ರಾಜಧಾನಿ ಇದ್ದ ನಾಡಲ್ಲವೇ? ಕಾಗಿಣಾದ ದಂಡೆಯ ಮಳಖೇಡ, ಅಂದರೆ ಮಾನ್ಯಖೇಟ, ಸೇಡಂ ತಾಲೂಕಿನಲ್ಲೇ ಇದೆ. ರಾಜಧಾನಿ ಕಲ್ಯಾಣಕ್ಕೆ ಸರಿಯುತ್ತಿದ್ದ ಕಾಲಕ್ಕೆ, ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದವೂ ಇದೆ, ಸೂಪಶಾಸ್ತ್ರವೂ ಇದೆ. ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಗದ್ದೆ, ಗಾಣಗಳ ಜೊತೆ ದೇವರ ಹೂದೋಟ ಮತ್ತೆ ಮತ್ತೆ ಬರುತ್ತದೆ. ಅಂದಮೇಲೆ ಬೇಲಿ ಹಾಕಿ ನೀರು ಹಾಯಿಸುವ ತೋಟವೇ ಇಲ್ಲಿನ ಹಳೆಯ ರೂಢಿ, ಅದು ಆಮೇಲೆ ಅಳಿಯಿತು ಎನ್ನಬಹುದು. ಈ ತೋಟಗಳು ಇದ್ದದ್ದು ನಿಜ. ಆದರೆ ಅವು ಅರಮನೆ, ದೇಗುಲ, ಅಗ್ರಹಾರಗಳವು. ಅವುಗಳ ನೀರಿಗೆ, ಆಳಿಗೆ ದತ್ತಿ ಇತ್ತು. ಸೇಡಂನ ಮುನ್ನೂರು ಮಹಾಜನರು 1124ರಲ್ಲಿ ಕಟ್ಟಿಸಿದ ಶಾಂತಿನಾಥ ಬಸದಿಯಂಥ ಸಂಸ್ಥೆಗಳಿಗೆ ಸೇರಿದವು ಅವು. ಚಿತ್ತಾಪುರದ ಪಕ್ಕದ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಸ್ಥಾನದಲ್ಲಿ, ಅಂದರೆ ವಿದ್ಯಾಕೇಂದ್ರದಲ್ಲಿ, ವೇದ ಕಲಿಯುವ ಇನ್ನೂರು ಮಂದಿ, ಶಾಸ್ತ್ರ ಕಲಿಯುವ ಐವತ್ತೆರಡು ಮಂದಿ, ಆರು ಮಂದಿ ಸರಸ್ವತೀ ಭಂಡಾರಿಗಳನ್ನು ಎಣಿಸಿ ಹೇಳುತ್ತದೆ. ಕಲ್ಲು ಎಣಿಸುವುದು ದಾನವಾದದ್ದನ್ನು. ಉಡಿಯಲ್ಲಿದ್ದ ಪುಂಡಿ ಬೀಜವನ್ನು ಯಾರೂ ದಾನ ಮಾಡಲಿಲ್ಲ, ಅದಕ್ಕೆ ತೆರಿಗೆಯೂ ಬೀಳಲಿಲ್ಲ, ಹಾಗಾಗಿ ಅದು ಶಾಸನಕ್ಕೆ ಏರಲಿಲ್ಲ. ದಾಖಲೆ ಇದ್ದದ್ದನ್ನೇ ರೂಢಿ ಎಂದುಕೊಂಡರೆ ಬಹುಸಂಖ್ಯಾತರ ಊಟವೇ ಇತಿಹಾಸದಿಂದ ಹೊರಗುಳಿಯುತ್ತದೆ.

ಎರಡನೆಯ ಆಕ್ಷೇಪ ಇನ್ನಷ್ಟು ಗಟ್ಟಿಯಾದದ್ದು. ಹೊಲದಲ್ಲಿ ಸೊಪ್ಪು ಕಿತ್ತು ತರುವುದು ಬಡತನದ ದಾರಿ, ಅದನ್ನು ತೋಟವೆನ್ನುವುದು ಬಡತನಕ್ಕೆ ಬಣ್ಣ ಬಳಿದಂತೆ ಎಂದು ಹೇಳುವವರಿದ್ದಾರೆ. ಹತ್ತರಕಿ, ಗೋಳಿಯಂಥ ತಾನೇ ಹುಟ್ಟುವ ಪಲ್ಯಗಳ ಬಗ್ಗೆ ಈ ಮಾತಿನಲ್ಲಿ ಸತ್ಯವಿದೆ. ಬರಗಾಲದಲ್ಲಿ ಅವು ಜೀವ ಉಳಿಸಿವೆ, ಅದನ್ನು ವೈಭವೀಕರಿಸಬೇಕಿಲ್ಲ. ಆದರೆ ಅಕ್ಕಡಿಯ ಬೀಜ ತಾನಾಗಿ ಹುಟ್ಟಿದ್ದಲ್ಲ. ಒಳ್ಳೆಯ ಕಾಯಿಯನ್ನು ಗಿಡದಲ್ಲೇ ಒಣಗಲು ಬಿಟ್ಟು, ಬೂದಿ ಬೆರೆಸಿ, ಗಡಿಗೆಯಲ್ಲಿಟ್ಟು, ಮುಂದಿನ ಮಿರಗದವರೆಗೆ ಹುಳ ಬೀಳದಂತೆ ಕಾಯ್ದ ಬೀಜ ಅದು. ಹೊಸದನ್ನು ಒಳಗೆ ಕರೆದುಕೊಳ್ಳುವ ಗುಣವೂ ಈ ತೋಟಕ್ಕಿತ್ತು. ಪುಂಡಿಯ ಮೂಲ ಜೋಳದಂತೆಯೇ ಆಫ್ರಿಕಾ. ದಸರಾ, ದೀಪಾವಳಿಗೆ ಬಾಗಿಲು ತುಂಬುವ ಚೆಂಡುಹೂವು ಮೆಕ್ಸಿಕೊ ಕಡೆಯದು, ಮೆಣಸಿನಕಾಯಿಯೂ ಅಮೆರಿಕದ್ದು. ಎರಡೂ ಪೋರ್ಚುಗೀಸರು ಬಂದ ಮೇಲೆ ಈ ನೆಲ ಸೇರಿದವು. ಆರಿಸಿ, ಪರೀಕ್ಷಿಸಿ, ಉಳಿಸಿಕೊಳ್ಳುವ ಕೈಗಳಿಲ್ಲದೆ ದೂರದ ಗಿಡಗಳು ಹಬ್ಬದ ಹೂವಾಗುವುದಿಲ್ಲ.

ಬೇಲಿಯೊಳಗಿನ ಕೈತೋಟ ಈ ಸೀಮೆಯ ಸಾಮಾನ್ಯ ಸಂಸಾರಕ್ಕೆ ಬಂದದ್ದು ರೈಲು ಮತ್ತು ಸಿಮೆಂಟಿನ ಜೊತೆ. 1870ರ ದಶಕದಲ್ಲಿ ಮುಂಬಯಿ-ರಾಯಚೂರು ಹಳಿಗೆ ಹೈದರಾಬಾದ್ ಕಡೆಯ ಹಳಿ ಸೇರಿ ವಾಡಿ ಜಂಕ್ಷನ್ ಆಯಿತು. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎ.ಸಿ.ಸಿ.ಯೊಳಗೆ ಸೇರಿತು. 1968ರಲ್ಲಿ ವಾಡಿಯಲ್ಲೂ, 80ರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲೂ ದೊಡ್ಡ ಕಾರ್ಖಾನೆಗಳು ಎದ್ದವು. ಕ್ವಾರ್ಟರ್ಸಿಗೆ ಕಾಂಪೌಂಡ್ ಇತ್ತು, ನಲ್ಲಿಯಿತ್ತು, ದಾಸವಾಳ, ಟೊಮೆಟೊ, ಕೊತ್ತಂಬರಿಗೆ ಜಾಗವಿತ್ತು. ಈ ತೋಟಗಳು ಚೆಂದ; ನನಗೆ ಅವುಗಳ ಮೇಲೆ ಸಿಟ್ಟಿಲ್ಲ. ಆದರೆ ಅವು ಹಳೆಯದರ ಮುಂದುವರಿಕೆ ಅಲ್ಲವೆಂಬುದನ್ನು ಗಮನಿಸಬೇಕು. ಅದೇ ಹೊತ್ತಿಗೆ ಹಳೆಯ ತೋಟ ಹೊಲದಲ್ಲಿ ಕರಗುತ್ತಿತ್ತು. ಸುಣ್ಣದ ಕಲ್ಲಿನ ಗಣಿಗೆ ಒಂದಷ್ಟು ಭೂಮಿ ಹೋಯಿತು. ದೊಡ್ಡ ಹೊಡೆತ ಕೊಟ್ಟದ್ದು ತೊಗರಿಯೊಂದನ್ನೇ ಬಿತ್ತುವ ಪದ್ಧತಿ, ಟ್ರ್ಯಾಕ್ಟರಿನ ಬಿತ್ತನೆ ಮತ್ತು ಕಳೆನಾಶಕ. ಒಂಟಿ ಕೊಳವೆ ಹಿಡಿದು ಹಿಂದೆ ನಡೆಯುವವಳಿಗೆ ಟ್ರ್ಯಾಕ್ಟರಿನ ಹಿಂದೆ ಜಾಗವಿಲ್ಲ. ಕಳೆನಾಶಕಕ್ಕೆ ಹತ್ತರಕಿಯೂ ಒಂದೇ, ಪುಂಡಿಯೂ ಒಂದೇ.

ತೊಗರಿ ಈ ಸೀಮೆಗೆ ಹಣ ತಂದಿತು, 2019ರಲ್ಲಿ ಭೌಗೋಳಿಕ ಗುರುತನ್ನೂ ತಂದಿತು. ರೈತ ಅದನ್ನು ಬಿಟ್ಟು ಸೊಪ್ಪು ಬೆಳೆಯಲಿ ಎನ್ನುವುದು ನ್ಯಾಯವಲ್ಲ. ಅಕ್ಕಡಿ ಅದನ್ನು ಕೇಳುವುದೂ ಇಲ್ಲ. 1997-98ರಲ್ಲಿ ಕಾಯಿಕೊರಕ ಹುಳು ಇಲ್ಲಿನ ತೊಗರಿಯನ್ನು ನೆಲಕಚ್ಚಿಸಿ ಸಾಲಗಾರ ರೈತರ ಜೀವಕ್ಕೇ ಮುಳುವಾದ ಮೇಲೆ ಕೃಷಿ ವಿಜ್ಞಾನಿಗಳು ಹೇಳುತ್ತ ಬಂದ ಉಪಾಯಗಳನ್ನು ನೋಡಿ: ಹಕ್ಕಿ ಕೂರಲೆಂದು ತೊಗರಿಯ ನಡುವೆ ಜೋಳದ ಕಾಳು ಬೆರೆಸಿ ಬಿತ್ತುವುದು, ಹುಳುವನ್ನು ಸೆಳೆಯಲು ಚೆಂಡುಹೂವು ಹಾಕುವುದು. ಸಾಲಿನ ನಡುವೆ ಬೇರೆ ಗಿಡ ಬಿಡುವ ಹಳೆಯ ಕ್ರಮ ಕೀಟಶಾಸ್ತ್ರದ ಬಾಗಿಲಿನಿಂದ ಮರಳಿ ಬಂದಿದೆ. ಅದೇ ಸಾಲಿಗೆ ಪುಂಡಿ, ಬೆಂಡೆ, ಸೌತೆಯೂ ಸೇರಿದರೆ ತೊಗರಿಯ ಇಳುವರಿಗೆ ಆಗುವ ನಷ್ಟ ಅತ್ಯಲ್ಪ, ಮನೆಗೆ ಬರುವ ಪಲ್ಯ ನಾಲ್ಕಾರು ತಿಂಗಳದ್ದು. ಪೌಷ್ಟಿಕ ತೋಟದ ಯೋಜನೆ ಹಾಕುವವರು ಈ ತಾಲೂಕುಗಳಲ್ಲಿ ಮನೆಯ ಹಿಂದೆ ಎಷ್ಟು ಅಡಿ ಜಾಗವಿದೆ ಎಂದು ಅಳೆಯುತ್ತ ಕೂರಬೇಕಿಲ್ಲ. ಬಿತ್ತನೆಗೆ ಮುಂಚೆ, ಮೇ ಕೊನೆಯಲ್ಲಿ, ತೊಗರಿ ಬೀಜದ ಚೀಲದ ಜೊತೆ ಒಂದು ಅಕ್ಕಡಿ ಬೀಜದ ಪೊಟ್ಟಣವನ್ನು ರೈತನ ಮನೆಯ ಹೆಣ್ಣುಮಗಳ ಕೈಗೆ ಕೊಡಲಿ.