ಕೆಳದಿಯ ಪ್ರಶ್ನೋತ್ತರ ಕೋಶ: ವಿಷಯ ವಿಂಗಡಣೆಯ ಚರಿತ್ರೆಗೆ ಒಂದು ಟಿಪ್ಪಣಿ

ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳ ಬಗ್ಗೆ ಒಬ್ಬರು ಪ್ರಶ್ನೆ ಕೇಳಿದರೆನ್ನಿ. ಅದನ್ನು ಪಕ್ಷಿಗಳ ವಿಭಾಗಕ್ಕೆ ಸೇರಿಸಬೇಕೋ, ನದಿಯದಕ್ಕೋ, ತೀರ್ಥಹಳ್ಳಿ ತಾಲ್ಲೂಕಿನದಕ್ಕೋ? ಇಂಥ ತೊಡಕು ಈ ಸೀಮೆಗೆ ಹೊಸದಲ್ಲ. ಇಲ್ಲಿ ಆಳಿದ ಕೆಳದಿಯ ಬಸವಪ್ಪನಾಯಕ (ಆಳ್ವಿಕೆ 1697–1714) ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಪ್ರಶ್ನೋತ್ತರದ ರೂಪದಲ್ಲೇ ಇರುವ ವಿಶ್ವಕೋಶ. ಮಗ ಸೋಮಶೇಖರ ಕೇಳುತ್ತಾನೆ, ತಂದೆ ಹೇಳುತ್ತಾನೆ. ಒಂಬತ್ತು ಕಲ್ಲೋಲ (ಭಾಗ), 108 ತರಂಗ (ಅಧ್ಯಾಯ)ಗಳಲ್ಲಿ ಸೃಷ್ಟಿ, ಭೂಗೋಳ, ಯೋಗ, ಸಂಗೀತ, ವಾಸ್ತು, ವೈದ್ಯ, ಆನೆ-ಕುದುರೆ, ಪಾಕ ಎಲ್ಲವೂ ಬರುತ್ತವೆ.

ವಿಂಗಡಣೆಯ ಹಿಂದಿನ ದೃಷ್ಟಿಯನ್ನು ಹಿಡಿಯಲು ಅಡುಗೆಯೊಂದನ್ನೇ ಬೆನ್ನಟ್ಟಿದರೆ ಸಾಕು. ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆ ಇರುವುದು ಬಾವಿ ತೋಡುವುದು, ಗಿಡಮರಗಳ ಆರೈಕೆ, ದನಕರುಗಳ ಮದ್ದಿನ ಜೊತೆಯಲ್ಲಿ, ಅದು ಗೃಹಸ್ಥನ ಪುಸ್ತಕ. ನೂರು ವರ್ಷದ ಅನಂತರ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅದೇ ಅಡುಗೆಯನ್ನು ಅರಸನ ಉಪಭೋಗಗಳ ಸಾಲಿಗೆ, ಅರಮನೆ, ಸ್ನಾನ, ತಾಂಬೂಲ, ಉಡುಗೆತೊಡುಗೆಗಳ ಪಕ್ಕಕ್ಕೆ ಒಯ್ಯುತ್ತದೆ. ನಮ್ಮ ಇಡ್ಲಿಯ ಪೂರ್ವಜ ಎನ್ನಲಾಗುವ ‘ಇಡ್ಡರಿಕಾ’ ಅದರಲ್ಲಿ ಕಾಣಿಸುತ್ತದೆ. ಬಸವಪ್ಪನಾಯಕನೂ ಅಡುಗೆಮನೆ, ಪಾತ್ರೆ, ಅನ್ನದ ವಿಚಾರ ಬರೆಯುತ್ತಾನೆ. ಆದರೆ ಅವನ ಎದುರಿಗೆ ಮುಂದೆ ಪಟ್ಟಕ್ಕೆ ಬರಬೇಕಾದ ಮಗನಿದ್ದಾನೆ. ಹಾಗಾಗಿ ಪಾಕವೂ ರಾಜಶಿಕ್ಷಣದ ಪಾಠವಾಗುತ್ತದೆ. ವಸ್ತು ಬದಲಾಗಲಿಲ್ಲ, ಕೇಳುವವನು ಬದಲಾದ. ವಿಭಾಗವನ್ನು ನಿರ್ಧರಿಸುವುದು ವಸ್ತುವಿಗಿಂತ ಹೆಚ್ಚಾಗಿ ಕೇಳುವವನೇ ಎಂಬುದು ನನ್ನ ವಾದ.

‘ಶಿವತತ್ತ್ವರತ್ನಾಕರ’ದಲ್ಲಿ ಕೆಳದಿ ಅರಸರ ವಂಶಚರಿತ್ರೆಯನ್ನು ಶಾಸ್ತ್ರಗಳ ನಡುವೆಯೇ ಇಟ್ಟದ್ದನ್ನೂ ಹೀಗೆಯೇ ನೋಡಬೇಕು. ಪಟ್ಟಕ್ಕೆ ಬರುವವನಿಗೆ ಮನೆತನದ ಕಥೆಯೂ ಒಂದು ವಿದ್ಯೆ. ಇತಿಹಾಸಕಾರರು ಆ ಭಾಗವನ್ನಷ್ಟೇ ಕಿತ್ತುಕೊಂಡು ಉಳಿದದ್ದನ್ನು ಬದಿಗಿಟ್ಟದ್ದು ಗ್ರಂಥಕ್ಕೆ ನ್ಯಾಯವಲ್ಲ.

ಮುದ್ರಣದ ಕಾಲಕ್ಕೆ ಕೇಳುವವನು ಮರೆಯಾಗಿ ಅಕಾರಾದಿ ಬಂತು. ಶಿವರಾಮ ಕಾರಂತರು ಮಕ್ಕಳ ವಿಶ್ವಕೋಶ ‘ಬಾಲಪ್ರಪಂಚ’ದಲ್ಲಿ ವಿಷಯವಾರು ಜೋಡಣೆಯನ್ನೇ ಉಳಿಸಿಕೊಂಡರು, ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ‘ಕನ್ನಡ ವಿಶ್ವಕೋಶ’ ಅಕ್ಷರಕ್ರಮ ಹಿಡಿಯಿತು. ಹೆಸರು ಗೊತ್ತಿದ್ದವರಿಗೆ ಅಕ್ಷರಕ್ರಮ ಅನುಕೂಲ. ಹೆಸರೇ ಗೊತ್ತಿಲ್ಲದೆ ಬಂದವರು ಬಾಗಿಲಲ್ಲೇ ನಿಲ್ಲಬೇಕು. ಪ್ರಶ್ನೆ ಮತ್ತೆ ಸಾರ್ವಜನಿಕವಾಗಿ ತಲೆಯೆತ್ತಿದ್ದಕ್ಕೆ ಒಂದು ಉದಾಹರಣೆ, 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಶುರುವಾದ, ಓದುಗರ ಭಾಷಾ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣ. ಈ ಸಲ ಕೇಳುವವನು ಯುವರಾಜನಲ್ಲ, ಪತ್ರಿಕೆ ಓದುವ ಯಾರಾದರೂ.

‘ಶಿವತತ್ತ್ವರತ್ನಾಕರ’ವನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1964ರಿಂದ ಸಂಪುಟಗಳಾಗಿ ಪ್ರಕಟಿಸಿತು. ಅದರಲ್ಲಿ ಸೋಮಶೇಖರ ಕೇಳಿದ ಪ್ರಶ್ನೆಗಳನ್ನಷ್ಟೇ ಆಯ್ದು, ತರಂಗವಾರು ಕನ್ನಡದಲ್ಲಿ ಪಟ್ಟಿ ಮಾಡುವ ಕೆಲಸವನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲಿ.